ಬಸಲಿಂಗಯ್ಯನವರ ಪಿಸ್ತೂಲು

ಅಮರೇಶ ಇನ್ನೇನು ಕರೆಗಂಟೆ ಒತ್ತಬೇಕು, ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಊರಿನಿಂದ ಶೈಲೇಶ್. ಜಿಲ್ಲಾಧಿಕಾರಿ ಕಚೇರಿಯ ಗುಮಾಸ್ತ, ಅಮರೇಶನ ಚಡ್ಡಿ ದೋಸ್ತ.

“ನೋಡೀನಲೇ. ಪಿಸ್ತೂಲು, ರಿವಾಲ್ವರು ಯಾವುದರ ಲೈಸನ್ಸೂ ನಮ್ಮ ತಾಲೂಕಿನ್ಯಾಗ ಒಬ್ಬ ಗಂಡಸಿನ ಹೆಸರಿಗೂ ಇಲ್ಲ.”

“ಬರೋಬ್ಬರಿ ನೋಡಿದೇನು? ನಿಮ್ಮ ಸರ್ಕಾರದ ಲೆಕ್ಕದಾಗ ಸತ್ತೋರೂ ರೇಷನ್ ಒಯ್ತಾರ.”

“ಎರಡು ಸಲ ನೋಡೀನಿ. ನೀ ಏನ್ ಕೇಳಿದಿ, ಅದಕ್ಕ ಉತ್ತರ ಕೊಟ್ಟೀನಿ. ನಂಬೂದು ಬಿಡೂದು ನಿನಗ ಬಿಟ್ಟಿದ್ದು.”

ಅಮರೇಶ ಫೋನಿಟ್ಟ. ಎದೆಯ ಮೇಲಿನ ಬಂಡೆ ಇಳಿದಂತಾಯಿತು.

ಕುವೈತಿನ ಮೈದಾನ್ ಹವಲ್ಲಿಯ ಈ ಮನೆಯಲ್ಲಿ ಅಮರೇಶ ಮನಸ್ಸು ಕೊಟ್ಟಿದ್ದ ವಿಜಯಶ್ರೀ ಇದ್ದಳು. ಅವಳ ಅಪ್ಪ, ಅಮರೇಶನ ತಾಲೂಕಿನವರೇ ಆದ ಬಸಲಿಂಗಯ್ಯ ಇದ್ದರು. ಅವರ ಜೊತೆಗೊಂದು ಪಿಸ್ತೂಲಿನ ಕಥೆಯೂ ಇತ್ತು. ಪಿಸ್ತೂಲು ಊರಿನ ಠಾಣೆಯಲ್ಲಿ ಜಮಾ ಆಗಿತ್ತಂತೆ, ಕಥೆ ಮಾತ್ರ ವೀಸಾ ಇಲ್ಲದೆ ಇಲ್ಲಿಗೆ ಬಂದಿತ್ತು. ನಾಲ್ಕು ಕನ್ನಡದವರು ಸೇರಿದಲ್ಲೆಲ್ಲ ಬಸಲಿಂಗಯ್ಯ ಮೀಸೆ ತೀಡುತ್ತಿದ್ದರು. “ನಮ್ಮ ಮನ್ಯಾಗ ಲೈಸನ್ಸಿನ ಪಿಸ್ತೂಲ್ ಐತ್ರಿ. ಊರಾಗಿದ್ದಾಗ ಸೊಂಟದಾಗ ಇಟಗೊಂಡು ಹೊಂಟರ, ಬಾಜೂಕ ಕುಂತಾವಗೂ ತಿಳೀತಿರಲಿಲ್ಲ.”

ಇದನ್ನು ಕೇಳಿದ ಇಬ್ಬರು ವರಗಳು ಚಹಾ ಕುಡಿದು ಹೋದವರು ಮತ್ತೆ ಇತ್ತ ತಲೆ ಹಾಕಿರಲಿಲ್ಲ.

ಅಮರೇಶನೂ ಅಷ್ಟೇ. ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ಬೆಂಕಿಯಂಥ ಪೈಪುಗಳ ನಡುವೆ ನಿರ್ಭಯವಾಗಿ ಓಡಾಡುವ ಟೆಕ್ನಿಷಿಯನ್, ಆ ಪಿಸ್ತೂಲಿಗೆ ಹೆದರಿ ವರ್ಷವಿಡೀ ಬಾಯಿ ಬಿಟ್ಟಿರಲಿಲ್ಲ. ನಾಳೆ ಮೂರನೆಯ ವರ ಬರುವವನಿದ್ದ, ಅವನು ಮಿಲಿಟರಿಯವರ ಮಗ, ಪಿಸ್ತೂಲಿಗೆ ಹೆದರುವವನಲ್ಲ. ಇವತ್ತು ಕೇಳದಿದ್ದರೆ ಖಲಾಸ್.

ಈ ಲೆಕ್ಕ ತೆಗೆಸುವ ಉಪಾಯ ಹೇಳಿದಾಗ ವಿಜಯಶ್ರೀ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. “ಮುಚ್ಚಿಟಗೊಂಡು ಓಡಾಡೂದನ್ನ ಸರ್ಕಾರ ಹ್ಯಾಂಗ ಎಣಸ್ತೈತಿ? ಲೆಕ್ಕ ನಂಬಿ ಅಪ್ಪನ ಮುಂದ ನಿಂದ್ರಬ್ಯಾಡ. ಮೊದಲ ಅವ್ವನ್ನ ಕೇಳು. ಇದಕಿಂತ ಹೆಚ್ಚಿಗಿ ನಾ ಹೇಳಂಗಿಲ್ಲ, ಮನಿ ಮಾತು.” ಪಿಸ್ತೂಲಿನ ವಿಷಯ ಅವ್ವನಿಗೇನು ಗೊತ್ತು ಎಂದು ಅಮರೇಶ ಆ ಮಾತನ್ನು ಗಾಳಿಗೆ ತೂರಿದ್ದ.

ಬಾಗಿಲು ತೆರೆದದ್ದೇ ಆ ಅವ್ವ, ನೀಲಕ್ಕ. ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳದ ಹೆಂಗಸು. ಬಿಸಿಲಲ್ಲಿ ಬಂದವನನ್ನು ಅಡುಗೆಮನೆಯ ಬಾಗಿಲಲ್ಲೇ ನಿಲ್ಲಿಸಿ ಶರಬತ್ತಿಗೆ ನಿಂಬೆ ಹಿಂಡಿದರು. ಹಿಂಡಿದ ಸಿಪ್ಪೆಯನ್ನು ತಿರುಗಿಯೂ ನೋಡದೆ ಎಸೆದರು. ಅದು ಆಚೆ ಮೂಲೆಯ ಕಸದ ಡಬ್ಬಿಗೆ ನೇರ ಹೋಗಿ ಬಿತ್ತು.

“ಅವ್ವಾರ, ಒಂದು ಮಾತ್ರಿ,” ಅಮರೇಶ ದನಿ ತಗ್ಗಿಸಿದ. “ಸರ್ ಹೇಳ್ತಾರಲ್ರಿ, ಆ ಪಿಸ್ತೂಲು... ಸರ್ಕಾರದ ಲೆಕ್ಕದಾಗ ಇಲ್ರಿ.”

“ಹೌದನು?” ನೀಲಕ್ಕ ಮುಗುಳ್ನಕ್ಕರು. “ಸರ್ಕಾರದ ಲೆಕ್ಕ ಸುಳ್ಳಾಗತೈತೇನಪಾ.” ಎರಡನೆಯ ಸಿಪ್ಪೆಯೂ ಅಲ್ಲಿಗೇ ಹೋಗಿ ಬಿತ್ತು. ದಿನಾ ಅಡುಗೆ ಮಾಡುವವರ ಕೈ, ರೂಢಿ ಬಿದ್ದಿರುತ್ತದೆ ಅಂದುಕೊಂಡ ಅಮರೇಶ.

ಹಾಲಿನಲ್ಲಿ ಬಸಲಿಂಗಯ್ಯ ಚಹಾ ಕುಡಿಯುತ್ತಿದ್ದರು. ಒಳಗೆ ಕುಕ್ಕರ್ ಸೀಟಿ ಹೊಡೆಯಿತು. ಅವರು ಬೆಚ್ಚಿಬಿದ್ದರು, ಚಹಾ ಲುಂಗಿಯ ಮೇಲೆ ಚೆಲ್ಲಿತು. ಅದನ್ನು ಕಂಡು ಅಮರೇಶನಿಗೆ ಆನೆಬಲ ಬಂತು.

ಕಾಕಾ ಎಂದರೆ ವಿಜಯಶ್ರೀ ತಂಗಿಯಾಗುತ್ತಾಳೆ, ಮಾವ ಎನ್ನಲು ಗುಂಡಿಗೆ ಇಲ್ಲ. ಹೀಗಾಗಿ ಇಷ್ಟು ದಿನ ‘ಸರ್’ನಲ್ಲೇ ಕಾಲ ತಳ್ಳಿದ್ದ. ಇವತ್ತು ಗಂಟಲು ಸರಿಮಾಡಿಕೊಂಡ.

“ಮಾವಾರ.”

ಮೀಸೆಯ ಮೇಲಿದ್ದ ಕೈ ಅಲ್ಲೇ ನಿಂತಿತು. “ಯಾರಿಗಲೇ ಮಾವ?”

“ಕನ್ಯಾ ಕೇಳಾಕ ಬಂದೀನ್ರಿ. ವಿಜಯಶ್ರೀನ ನನಗ ಕೊಡ್ರಿ.”

“ನಮ್ಮ ಮನ್ಯಾಗ ಪಿಸ್ತೂಲ್ ಐತಿ, ಗೊತ್ತೈತಿಲ್ಲೋ?”

“ಲೆಕ್ಕ ತಗಸೀನ್ರಿ. ನಮ್ಮ ತಾಲೂಕಿನ್ಯಾಗ ಒಬ್ಬ ಗಂಡಸಿನ ಹೆಸರಿಗೂ ಲೈಸನ್ಸ್ ಇಲ್ಲ.”

ಬಸಲಿಂಗಯ್ಯ ಒಮ್ಮೆ ಅಡುಗೆಮನೆಯ ಕಡೆ ನೋಡಿದರು. ಆಮೇಲೆ ಅವರ ಹೆಗಲು ಇಳಿಯಿತು. “ಲೆಕ್ಕ ಖರೇನ ಐತಪಾ. ಪಟಾಕಿ ಸಪ್ಪಳ ಕೇಳಿದ್ರ ಹೊರಸಿನ ಕೆಳಗ ಹೊಗತೀನಿ ನಾನು. ಪಿಸ್ತೂಲ್ ಎಲ್ಲಿ ಮುಟ್ಟಲಿ?”

ಗೆದ್ದೆ! ಅಮರೇಶನಿಗೆ ಕುಣಿಯಬೇಕೆನ್ನಿಸಿತು. “ಅಂದಮ್ಯಾಗ ಕನ್ಯಾ ಕೊಡ್ತೀರಿಲ್ರಿ?”

“ನನ್ನದೇನೈತಿ ಈ ಮನ್ಯಾಗ? ಆಕೀನ ಕೇಳು.”

ನೀಲಕ್ಕ ಆಗಲೇ ಸಕ್ಕರೆಯ ತಾಟು ಹಿಡಿದು ಬಂದಿದ್ದರು, ಹಿಂದೆ ನಗು ತಡೆಯಲಾರದ ವಿಜಯಶ್ರೀ. “ಕೊಟ್ಟೆ,” ಎಂದು ನೀಲಕ್ಕ ಅಮರೇಶನ ಬಾಯಿಗೆ ಸಕ್ಕರೆ ಹಾಕಿದರು. ಸಂತೋಷಕ್ಕೆ ಅವನ ಕಣ್ಣು ತುಂಬಿ ಬಂತು. ಅವರು ಅವನ ಕೆನ್ನೆ ತಟ್ಟಿ, ಅದೇ ಮೆಲುದನಿಯಲ್ಲಿ ಹೇಳಿದರು:

“ನನ್ನ ಮಗಳ ಕಣ್ಣಾಗ ನೀರು ತರಸಬ್ಯಾಡಪಾ, ನೀ ಬರೇ ಗಂಡಸರ ಲೆಕ್ಕ ಕೇಳೀದಿ, ಹೆಣ್ಣಮಕ್ಕಳ ಲೆಕ್ಕದಾಗ ಒಂದ ಹೆಸರೈತಿ, ನಂದು.”