ಇಳಿಯದ ತೋಳು

ಮೀಯಿಸಿ, ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಸತ್ತ ಗಂಡನಿಗೆ ಹೊಸ ಅಂಗಿ ತೊಡಿಸಲು ಕಾಂಚನಾ ಅವನ ಬಲತೋಳನ್ನು ಮೆಲ್ಲಗೆ ಮೇಲೆತ್ತಿದಳು. ಎತ್ತಿದವಳೇ, "ಹೂಂ, ಉಸಿರು ತಗೋರಿ" ಅಂದುಬಿಟ್ಟಳು. ಬಾಗಿಲಲ್ಲಿ ನಡೆದಿದ್ದ ಭಜನೆ ತಟ್ಟನೆ ನಿಂತಿತು.

ಬೆಟಗೇರಿಯ ಮಂದಿಗೆಲ್ಲ ಕುಂಡಲಿನಿ ಯೋಗ ಕಲಿಸುತ್ತಿದ್ದ ಅವಳ ಗಂಡ ಶಿವಯೋಗಿಗೆ ಲಕ್ವಾ ಹೊಡೆದು ಎರಡು ವರ್ಷವಾಗಿತ್ತು. ಅಂದಿನಿಂದ ದಿನಾ ಬೆಳಗ್ಗೆ ಅವಳು ಆ ಸೋತ ತೋಳನ್ನು ಎತ್ತುವಳು, ಅವನು ಉಸಿರು ಎಳೆದುಕೊಳ್ಳುವನು. ಅವನು ಉಸಿರು ಬಿಟ್ಟಂತೆ ಅವಳು ತೋಳನ್ನು ಇಳಿಸುವಳು. ಒಮ್ಮೆ ಮೊದಲೇ ಇಳಿಸಿದ್ದಕ್ಕೆ ತೊದಲುತ್ತಲೇ ನಕ್ಕಿದ್ದ: "ಏನ್ ಅವಸರಲೇ ನಿಂದು? ಹಂಚಿನ ಮ್ಯಾಲ ರೊಟ್ಟಿ ಹೊತ್ತಾಕತ್ತೈತೇನು? ಉಸಿರು ಒಳಗ ಬರೂತನಕ ಕೈ ಇಳಸಬಾರ್ದು."

ಈಗ ಆ ತಣ್ಣನೆಯ ತೋಳು ಅವಳ ಅಂಗೈಯ ಮೇಲೆ ಹಾಗೆಯೇ ಇತ್ತು. ಅಂಗಿ ಹಿಡಿದು ನಿಂತಿದ್ದ ಭಾವ ಹುಚ್ಚೀರಪ್ಪ ಮೆತ್ತಗೆ ಅಂದ, "ಯವ್ವಾ, ಕೈ ಇಳಸು. ಹೊರಗ ಮಂದಿ ಕಾಯಾಕತ್ತಾರ."

ಕಾಂಚನಾ ಗಂಡನ ಎದೆಯನ್ನೇ ನೋಡುತ್ತಿದ್ದಳು.

"ತಡೀರಿ ಭಾವಾರ," ಅಂದಳು, "ಅವ್ರು ಇನ್ನೂ ಉಸಿರು ತಗೊಂಡಿಲ್ಲ."