ಅಳಿಸಿದ ಇಪ್ಪತ್ತು ಫೋಟೋಗಳು

"ಅಲುಗಾಡಬೇಡ ಅಂದೆನಲ್ಲ!"

"ನಾನು ಕೂತಲ್ಲೇ ಕೂತಿದ್ದೀನಿ," ಎಂದಳು ಹೆಂಡತಿ, ಹರಿದ ದಿಂಬಿನ ಚೀಲ ಹೊಲಿಯುತ್ತ. "ಅಲುಗಾಡ್ತಿರೋದು ನಿಮ್ಮ ತಾಳ್ಮೆ."

ಲ್ಯಾಬ್ ಟೆಕ್ನೀಷಿಯನ್ ಹಲ್ಲು ಕಚ್ಚಿ ಹದಿನೇಳನೆಯ ಫೋಟೋವನ್ನೂ ಅಳಿಸಿದ. ಮಸುಕು. ಮತ್ತೆ ಮಸುಕು. ಯಾವುದೋ ಶಾಲೆ ಗುಜರಿಗೆ ಹಾಕಿದ್ದ ಮೈಕ್ರೋಸ್ಕೋಪು, ಚಪ್ಪಲಿ ಡಬ್ಬಿ ಕತ್ತರಿಸಿ ಮಾಡಿದ ಮೊಬೈಲ್ ಸ್ಟ್ಯಾಂಡು, ನಾಲ್ಕು ರಬ್ಬರ್ ಬ್ಯಾಂಡು, ಕೆಳಗೊಂದು ಟಾರ್ಚು. ಇಷ್ಟನ್ನೇ ನಂಬಿಕೊಂಡು ಅವನ ಮೂವತ್ತು ವರ್ಷದ ಮರ್ಯಾದೆ ಉಳಿಯಬೇಕಿತ್ತು.

ಬಸ್ ಚಾಲಕನೊಬ್ಬನಿಗೆ ವಾರದಿಂದ ಚಳಿಜ್ವರ. ಅವನ ರಕ್ತ ನೋಡಿ ಇವನು ಮಲೇರಿಯಾ ಇಲ್ಲ ಎಂದು ಬರೆದುಕೊಟ್ಟಿದ್ದ. ಆ ರಕ್ತ ಸವರಿದ ಅದೇ ಗಾಜಿನ ಸ್ಲೈಡ್ ನೋಡಿ, ನಿನ್ನೆ ಮೊನ್ನೆ ಸೇರಿದ ಸಹೋದ್ಯೋಗಿ, ಮಲೇರಿಯಾ ಇದೆ ಎಂದಳು. ಕೆಂಪು ಕಣಗಳೊಳಗೆ ಮಲೇರಿಯಾದ ನೇರಳೆ ಉಂಗುರ ಕಂಡಿತಂತೆ! ಪರವೂರಿನಲ್ಲಿದ್ದ ಡಾಕ್ಟರು ಫೋನಿನಲ್ಲಿ, "ಜಗಳ ಬೇಡ, ಸಂಜೆಯೊಳಗೆ ಫೋಟೋ ಕಳಿಸಿ. ನೋಡಿ ಔಷಧಿ ಹೇಳ್ತೀನಿ," ಎಂದಿದ್ದರು. ಅವಳೆದುರು ಪರದಾಡಲು ಮನಸ್ಸಾಗದೆ ಇವನು ಸ್ಲೈಡನ್ನು ಜೇಬಿಗಿಳಿಸಿ ಮನೆಗೆ ಬಂದಿದ್ದ. ಒಂದೇ ಒಂದು ಒಳ್ಳೆಯ ಫೋಟೋ ಸಿಕ್ಕರೆ ಅವಳ ಬಾಯಿ ಮುಚ್ಚಿಸಬಹುದಿತ್ತು.

"ಈ ಮನೇಲಿ ಬೆಳಕೇ ಸಾಲದು," ಎಂದು ಗೊಣಗಿದ.

ಹೆಂಡತಿ ಅದೇ ಬೆಳಕಿನಲ್ಲಿ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದಳು. "ಬೆಳಗ್ಗೆ ಪೇಪರಿನವರಿಗೆ ಬೈದ್ರಿ, ಶಾಯಿ ಉಳಿಸ್ತಾರೆ, ಅಕ್ಷರ ಮಾಸಿದೆ ಅಂತ. ಈಗ ಬಲ್ಬಿನ ಸರದಿಯಾ?"

ಅವನು ಟಾರ್ಚು ಬದಲಿಸಿದ, ಲೆನ್ಸ್ ಒರೆಸಿದ, ಮೇಜಿನ ಕಾಲಿನಡಿ ಕಾಗದ ಮಡಚಿ ಇಟ್ಟ. ಉಸಿರು ಬಿಗಿಹಿಡಿದು ಒತ್ತಿದ. ಮತ್ತೆ ಅದೇ ಮಂಜು. ಅಳಿಸಿದ, ಒತ್ತಿದ, ಅಳಿಸಿದ, ಮತ್ತೆ ಒತ್ತಿದ, ಅಳಿಸಿದ. ಅಳುವೇ ಬಂತು. ಅಷ್ಟರಲ್ಲಿ ಡಾಕ್ಟರ ಕರೆ. "ಚಾಲಕನಿಗೆ ಜ್ವರ ಏರ್ತಾ ಇದೆಯಂತೆ. ಫೋಟೋ ಎಲ್ರೀ?"

"ಐದು ನಿಮಿಷ ಸಾರ್," ಎಂದು ಕೊನೆಯದಾಗಿ ಒಮ್ಮೆ ಒತ್ತಿದ. ನೋಡಿದ. ಮೊಬೈಲನ್ನು ಕಿತ್ತು ಹೆಂಡತಿಯ ಮಡಿಲಿಗೆ ಎಸೆದ.

"ಹಾಳಾದ್ದು, ಇಪ್ಪತ್ತೊಂದನೇದೂ ಹೋಯ್ತು. ನೀನೇ ಅಳಿಸು."

ಅವಳು ನೋಡಿದಳು. ಅಳಿಸಲಿಲ್ಲ.

"ಯಾಕ್ರೀ ಅಳಿಸೋದು? ಗೆರೆ ಎಳೆದ ಹಾಗೆ ಬಂದಿದೆ. ಕೆಂಪು ಬಿಲ್ಲೆಗಳು, ಒಳಗೆಲ್ಲ ಪುಟ್ಟ ಪುಟ್ಟ ನೇರಳೆ ಉಂಗುರ."