ವರ್ಗಮೂಲ ಎಲ್ಲಿ ಮುಗಿಯಿತು?

ಮಧ್ಯಾಹ್ನ ಮೂರೂವರೆಗೆ ಪ್ರೊಫೆಸರ್ ಭೀಮಾಶಂಕರ ಅವರು ಸಾಮಿಯಾಳ ಎರಡನೆಯ ಇಮೇಲಿಗೂ ಕೊಕ್ಕೆ ಹಾಕಿದರು. "ವರ್ಗಮೂಲ ಎಲ್ಲಿ ಶುರುವಾಯಿತು ಎಂದು ಗೊತ್ತಾಯಿತು. ಎಲ್ಲಿ ಮುಗಿಯಿತು ಎಂದು ಗೊತ್ತಾಗಲಿಲ್ಲ. ಐದು ಗಂಟೆಯವರೆಗೆ ಕಾಯುತ್ತೇನೆ."

ಪ್ರೊಫೆಸರಿಗೆ ಕಣ್ಣು ಕಾಣುವುದಿಲ್ಲ. ಬಂದ ಇಮೇಲನ್ನು ಕಂಪ್ಯೂಟರ್ ಗಟ್ಟಿಯಾಗಿ ಓದುತ್ತದೆ, ಅವರು ಇಂದಿರಾನಗರದ ಮನೆಯಲ್ಲಿ ಕೂತು ಕೇಳುತ್ತಾರೆ. ದೃಷ್ಟಿಯಿಲ್ಲದ ಹೈಸ್ಕೂಲ್ ಮಕ್ಕಳಿಗಾಗಿ ಕನ್ನಡದಲ್ಲಿ ಗಣಿತದ ಪಾಠ ಬರೆಯಲು ಅವರಿಗೊಬ್ಬರು ಸಹಾಯಕರು ಬೇಕಾಗಿತ್ತು. ಪರೀಕ್ಷೆ ಒಂದೇ: ವರ್ಗಸಮೀಕರಣದ ಸೂತ್ರವನ್ನು ಏಳೆಂಟು ಸಾಲಿನಲ್ಲಿ ಸಾಧಿಸಿ ಮೇಲ್ ಮಾಡಬೇಕು, ಒಂದು ಸಲ ಕೇಳಿದರೆ ಅರ್ಥವಾಗಬೇಕು. ಎಂಎಸ್ಸಿ ಮುಗಿಸಿದವಳಿಗೆ ಇದೇನು ಮಹಾ ಎಂದುಕೊಂಡು ಸಾಮಿಯಾ ಮೊದಲು ಮುತ್ತಿನಂಥ ಅಕ್ಷರದಲ್ಲಿ ಬರೆದ ಹಾಳೆಯ ಫೋಟೋ ಕಳಿಸಿದ್ದಳು. ಕಂಪ್ಯೂಟರ್ "ಚಿತ್ರ" ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡಿತಂತೆ. ಆಮೇಲೆ ಚಿಹ್ನೆಗಳನ್ನೆಲ್ಲ ಟೈಪ್ ಮಾಡಿ ಕಳಿಸಿದಳು. ಅದು ಬ್ರಾಕೆಟ್ಟುಗಳನ್ನು ನುಂಗಿ, ಉಳಿದದ್ದನ್ನು ಒಂದೇ ಉಸಿರಿಗೆ ಒದರಿಬಿಟ್ಟಿತು.

ಅವಳಿಗೆ ಅಳುವೇ ಬಂತು. ಎರಡು ವರ್ಷದಲ್ಲಿ ನಿಜವಾಗಿ ಬೇಕು ಅನ್ನಿಸಿದ ಕೆಲಸ ಇದೊಂದೇ. ಸಾಲದ್ದಕ್ಕೆ, ಕಮರ್ಷಿಯಲ್ ಸ್ಟ್ರೀಟ್ ಪಕ್ಕದ ಗಲ್ಲಿಯಲ್ಲಿರುವ ಅವಳ ತಂದೆಯ ಟೈಲರ್ ಅಂಗಡಿಯಲ್ಲಿ ಅಳತೆ ಬರೆದುಕೊಳ್ಳುವ ಅಹ್ಮದ್ ಪಾಷಾ ಅಂದೇ ರಜೆ ಹಾಕಿದ್ದರು, ಅವರ ಜಾಗದಲ್ಲಿ ಇವಳು ಕೂತಿದ್ದಳು.

"ಬೇಟಾ, ಆ ಫೋನ್ ಕೆಳಗಿಡು, ಪುಸ್ತಕ ಹಿಡಿ," ಎಂದರು ತಂದೆ ಅಕ್ತರ್ ಮಾಸ್ಟರ್. ತಮ್ಮ ಮಗಳ ಮದುವೆಗೆ ಕೋಟು ಹೊಲಿಸಲು ಹೊಸ ತಿಪ್ಪಸಂದ್ರದಿಂದ ಬಂದಿದ್ದ ಮುನಿಕೃಷ್ಣಪ್ಪನವರು ಆಗಲೇ ಕೈ ಚಾಚಿ ನಿಂತಿದ್ದರು.

"ಭುಜ, ಹದಿನೆಂಟು, ಭುಜ ಮುಗೀತು. ಎದೆ, ನಲವತ್ತೆರಡು, ಎದೆ ಮುಗೀತು. ಹೊಟ್ಟೆ... ಉಸಿರು ಬಿಡಿ ಸಾರ್."

"ಬಿಟ್ಟಿದೀನಲ್ಲ ಮಾಸ್ಟರ್ರೇ."

"ಎಲ್ಲಿ ಬಿಟ್ರಿ? ಮದುವೆ ದಿನ ಊಟ ಮಾಡ್ಬೇಕೋ ಬೇಡ್ವೋ? ಹಾಂ, ಈಗ ಸರಿ. ಹೊಟ್ಟೆ, ನಲವತ್ತೈದು, ಹೊಟ್ಟೆ ಮುಗೀತು."

ಸಾಮಿಯಾ ತಂದೆಯ ಮೇಲೆ ಸಿಡುಕಿದಳು. "ಅಬ್ಬಾ, ಎಲ್ಲದಕ್ಕೂ ಮುಗೀತು, ಮುಗೀತು ಅಂತ ಯಾಕೆ? ನಂಬರ್ ಹೇಳಿದ್ರೆ ಸಾಲದಾ?"

"ನೀನು ಪುಸ್ತಕ ನೋಡ್ತಾ ಇರ್ತೀಯ. ನನ್ನ ಟೇಪ್ ಎಲ್ಲಿದೆ ಅಂತ ನಿನಗೇನು ಕಾಣ್ಸುತ್ತೆ? ಹಿಂದೊಂದ್ಸಲ ಮುಗೀತು ಅನ್ನೋದು ಮರೆತು, ಹೊಟ್ಟೆ ಅಳತೆ ಎದೆಗೆ ಹೋಗ್ಬಿಟ್ಟಿತ್ತು. ಮದುಮಗ ಪಾಪ, ಇಲ್ಲೇ ಕೋಟ್ ಹಾಕ್ಕೊಂಡು ನಿಂತು ಅತ್ತಿದ್ದ."

ಸಾಮಿಯಾ ತಂದೆಯ ಮುಖವನ್ನೇ ನೋಡಿದಳು. ಉಳಿದ ಅಳತೆಗಳನ್ನು ಗಡಿಬಿಡಿಯಲ್ಲಿ ಬರೆದು ಮುಗಿಸಿ, ಇಸ್ತ್ರಿ ಟೇಬಲ್ಲಿನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತಳು. ಚಿಹ್ನೆಗಳಿಗೆಲ್ಲ ರಜೆ ಕೊಟ್ಟು, ಬಾಯಲ್ಲಿ ಹೇಳಿಕೊಳ್ಳುತ್ತಲೇ ಮೂರನೆಯ ಇಮೇಲ್ ಟೈಪ್ ಮಾಡುತ್ತ ಕೊನೆಯ ಸಾಲಿಗೆ ಬಂದಳು. "ಮೇಲಿನ ಭಾಗ ಶುರು. ಮೈನಸ್ ಬಿ, ಪ್ಲಸ್ ಅಥವಾ ಮೈನಸ್, ವರ್ಗಮೂಲ ಶುರು, ಬಿ ವರ್ಗ ಮೈನಸ್ ನಾಲ್ಕು ಎ ಸಿ, ವರ್ಗಮೂಲ ಮುಗಿಯಿತು. ಮೇಲಿನ ಭಾಗ ಮುಗಿಯಿತು. ಕೆಳಗಿನ ಭಾಗ ಶುರು. ಎರಡು ಎ. ಕೆಳಗಿನ ಭಾಗ ಮುಗಿಯಿತು."

ಬಟ್ಟೆ ಆರಿಸುತ್ತಿದ್ದ ಮುನಿಕೃಷ್ಣಪ್ಪನವರು ಕಿವಿ ನಿಮಿರಿಸಿದರು. "ಯಾರ ಅಳತೆಯಮ್ಮ ಇದು?"

"ಎಕ್ಸ್ ಅನ್ನೋರದು ಸಾರ್," ಎಂದು ಸಾಮಿಯಾ ತಲೆಯೆತ್ತದೆ ಹೇಳಿದಳು.

ಐದಕ್ಕೆ ನಾಲ್ಕು ನಿಮಿಷ ಇರುವಾಗ ಮೇಲ್ ಹೋಯಿತು. ಆಮೇಲಿನ ಕಾಲು ಗಂಟೆ ಅವಳು ಅಂಗಡಿಯ ಗುಂಡಿಗಳನ್ನೆಲ್ಲ ಬಣ್ಣದ ಪ್ರಕಾರ ಬೇರೆ ಮಾಡಿ, ಮತ್ತೆ ಬೆರೆಸಿಬಿಟ್ಟಳು. ಕೊನೆಗೆ ಫೋನ್ ಸದ್ದು ಮಾಡಿತು. ಅವಳು ನಿಂತೇ ಗಟ್ಟಿಯಾಗಿ ಓದಿದಳು.

"ಕೊನೆಯ ಸಾಲು ಸರಿ, ಆರನೇ ಸಾಲು ತಪ್ಪು. ನಾಲ್ಕು ಎ ಸಿ ಹಿಂದೆ ಮೈನಸ್ ಇರಬೇಕಿತ್ತು, ನೀವು ಪ್ಲಸ್ ಹಾಕಿದ್ದೀರಿ. ತಿದ್ದಿಕೊಂಡು ಸೋಮವಾರ ಬನ್ನಿ, ಕೆಲಸ ಶುರು ಮಾಡೋಣ."

ಓದಿ ಮುಗಿಸಿದವಳೇ ಜೋರಾಗಿ ನಗತೊಡಗಿದಳು. ಕಣ್ಣಲ್ಲಿ ನೀರೂ ಬಂತು. ಅಕ್ತರ್ ಮಾಸ್ಟರಿಗೆ ಗಾಬರಿಯಾಯಿತು.

"ತಪ್ಪು ಅಂತ ಬರೆದಿದಾರೆ, ಅದಕ್ಕೆ ನಗ್ತೀಯಲ್ಲ!"

"ಅಬ್ಬಾ, ಬೆಳಿಗ್ಗೆಯಿಂದ ಅವರಿಗೆ ನಾನು ಬರೆದಿದ್ದು ಒಂದಕ್ಷರ ಅರ್ಥ ಆಗಿರ್ಲಿಲ್ಲ. ಈಗ ತಪ್ಪೇ ಹಿಡಿದಿದಾರೆ!"

ಅಕ್ತರ್ ಮಾಸ್ಟರ್ ಕತ್ತರಿ ಕೆಳಗಿಟ್ಟರು. ಆಮೇಲೆ ತಲೆಯಾಡಿಸಿದರು.

"ಹಾಗಾದ್ರೆ ಟ್ರಯಲ್ ಆಯ್ತು ಅನ್ನು. ಎಲ್ಲಿ ಬಿಗಿ ಅಂತ ಹಾಕ್ಕೊಂಡೋರೇ ಹೇಳಿದಾರೆ. ಇನ್ನೇನು, ಆ ಹೊಲಿಗೆ ಬಿಚ್ಚು."